ಗ್ಲಿಸರಿನ್ ಜಾಗಕ್ಕೆ ಬಂದ ಗ್ಲೈಕಾಲ್

ನಾಫ್ತಾವನ್ನೋ ಈಥೇನ್ ಅನಿಲವನ್ನೋ ಹಬೆಯೊಡನೆ 800 ಡಿಗ್ರಿಗೂ ಮೀರಿ ಕಾಯಿಸಿ ಒಡೆದರೆ ಎಥಿಲೀನ್ ಸಿಗುತ್ತದೆ. ಪಾಲಿಥೀನ್ ಚೀಲದ ಮೂಲ ಅದೇ. ಬೆಳ್ಳಿಯ ವೇಗವರ್ಧಕದ ಮೇಲೆ ಅದಕ್ಕೆ ಆಮ್ಲಜನಕ ಸೇರಿಸಿದರೆ ಎಥಿಲೀನ್ ಆಕ್ಸೈಡ್ ಆಗುತ್ತದೆ. ಸಿರಿಂಜುಗಳನ್ನು ಕ್ರಿಮಿಶುದ್ಧ ಮಾಡುವ ಈ ಅನಿಲ ಕ್ಯಾನ್ಸರ್‌ಕಾರಕವೂ ಹೌದು. ಆಕ್ಸೈಡ್ ನೀರಿನೊಡನೆ ಕೂಡಿದರೆ ಎಥಿಲೀನ್ ಗ್ಲೈಕಾಲ್. ಪಾಲಿಯೆಸ್ಟರ್ ಬಟ್ಟೆ, ನೀರಿನ ಬಾಟಲಿ, ವಾಹನಗಳ ಕೂಲಂಟ್ ಎಲ್ಲಕ್ಕೂ ಅದು ಬೇಕು. ಅದರ ಜೊತೆಗೇ ಉಪೋತ್ಪನ್ನವಾಗಿ ಹೊರಬರುವುದು ಡೈಎಥಿಲೀನ್ ಗ್ಲೈಕಾಲ್. ಕಾರ್ಖಾನೆಯೊಳಗೆ ಎರಡೂ ಉಪಯುಕ್ತ. ಔಷಧದ ಬಾಟಲಿಗೆ ಇಳಿದರೆ ಎರಡೂ ವಿಷ.

ಇಳಿಯುವುದಾದರೂ ಹೇಗೆ? ಸಿರಪ್ ತಯಾರಿಸಲು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೇಕು. ಡೈಎಥಿಲೀನ್ ಗ್ಲೈಕಾಲ್ ಕೂಡ ಅವುಗಳಂತೆಯೇ ಬಣ್ಣವಿಲ್ಲದ, ಮಂದವಾದ, ಸಿಹಿ ದ್ರವ. ಬೆಲೆ ಮಾತ್ರ ಕಡಿಮೆ. ದುರಂತಗಳ ಹಿಂದೆ ಮತ್ತೆ ಮತ್ತೆ ಕಾಣುವುದು ಈ ಬೆಲೆಯ ಅಂತರವೇ.

1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿತು. ವಿಷಪರೀಕ್ಷೆ ಮಾಡಿರಲಿಲ್ಲ, ಮಾಡಬೇಕೆಂಬ ಕಾನೂನೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಮಾರಾಟಕ್ಕೆ ಮುನ್ನ ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂತು.

ಆದರೆ ಕಾನೂನು ಬಂದಷ್ಟಕ್ಕೆ ಸಾವು ನಿಲ್ಲಲಿಲ್ಲ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ ಕುಡಿದ 14 ರೋಗಿಗಳು ಸತ್ತರು. ತನಿಖೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಖರೀದಿ ವ್ಯವಸ್ಥೆಯ ಭ್ರಷ್ಟಾಚಾರವನ್ನು ಬಯಲಿಗೆಳೆಯಿತು. 2006ರಲ್ಲಿ ಪನಾಮದಲ್ಲಿ ವಿಷ ಬೆರೆತ ಸಿರಪ್ ಜನರನ್ನು ಕೊಂದ ಪ್ರಕರಣದಲ್ಲಿ, ಚೀನಾದಿಂದ ಸ್ಪೇನ್ ಮಾರ್ಗವಾಗಿ ಗ್ಲಿಸರಿನ್ ಹೆಸರಿನಲ್ಲಿ ಬಂದ ಡ್ರಮ್ಮುಗಳ ಕಾಗದಪತ್ರ ಕೈಯಿಂದ ಕೈಗೆ ಬದಲಾಗುತ್ತ ಹೋಯಿತು, ತಯಾರಕರ ಹೆಸರು ಅಳಿಸಿಹೋಯಿತು. ಒಬ್ಬರೂ ಡ್ರಮ್ಮಿನೊಳಗಿನ ದ್ರವವನ್ನು ಪರೀಕ್ಷಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ತಿರುಳು ಇದೇ: ಸರ್ಟಿಫಿಕೇಟನ್ನು ಓದಿದರು, ದ್ರವವನ್ನು ನೋಡಲಿಲ್ಲ.

2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು, ಇಂಡೊನೇಷ್ಯಾದಲ್ಲಿ ಸುಮಾರು 200 ಮಕ್ಕಳು ಇಂಥ ಸಿರಪ್‌ಗಳಿಗೆ ಬಲಿಯಾದರು. ಗ್ಯಾಂಬಿಯಾದ ಸಿರಪ್‌ಗಳು ಭಾರತದಿಂದ ಹೋದವು. ಪ್ರೊಪಿಲೀನ್ ಗ್ಲೈಕಾಲ್ ಬೆಲೆ ಏರಿದಾಗ ಅಗ್ಗದ ದ್ರವ ಅದರ ಜಾಗಕ್ಕೆ ಬಂದಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಶಂಕಿಸಿತು. 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಹೊರದೇಶದ ಮಕ್ಕಳಿಗೆ ಕೊಟ್ಟ ಆ ರಕ್ಷಣೆ ನಮ್ಮ ಮಕ್ಕಳಿಗೆ ಸಿಗಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಶೇ. 0.1 ಮೀರಬಾರದ ವಿಷ ಆ ಸಿರಪ್ಪಿನಲ್ಲಿ ಶೇ. 48.6 ಇತ್ತು.

ಪ್ರತಿ ಡ್ರಮ್ಮನ್ನೂ ತೆರೆದು ಪರೀಕ್ಷಿಸುವುದು ತಯಾರಕರ ಹೊಣೆ, ಅದನ್ನು ಖಚಿತಪಡಿಸುವುದು ಸರ್ಕಾರದ್ದು. ತಂದೆತಾಯಿಯರಲ್ಲಿ ಒಂದು ವಿನಂತಿ: ವೈದ್ಯರು ಹೇಳದೆ ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್ ಕುಡಿಸಬೇಡಿ. ಕುಡಿಸಿದ ಮೇಲೆ ಮಗುವಿಗೆ ವಾಂತಿಯಾದರೆ ಅಥವಾ ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನು ಎಸೆಯದೆ ಜೊತೆಗೇ ಒಯ್ಯಿರಿ, ಬ್ಯಾಚ್ ಸಂಖ್ಯೆ ಇರುವುದು ಅದರ ಮೇಲೆಯೇ.