ಕುದುರೆ ಯಾರದು, ಹಾದಿ ಯಾರದು?

೨೦೧೯ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಸಂಗೀತೋದ್ಯಮದ ಪ್ರಮುಖ ಪತ್ರಿಕೆ 'ಬಿಲ್‌ಬೋರ್ಡ್' ತನ್ನ ಜನಪ್ರಿಯ ಹಾಡುಗಳ ಪಟ್ಟಿಯೊಂದರಿಂದ ಒಂದು ಹಾಡಿನ ಹೆಸರನ್ನು ಸದ್ದಿಲ್ಲದೆ ತೆಗೆದುಹಾಕಿತು. ಹಾಡಿನ ಹೆಸರು 'ಓಲ್ಡ್ ಟೌನ್ ರೋಡ್'. ಹಾಡಿದವನು ಲಿಲ್ ನಾಸ್ ಎಕ್ಸ್ ಎಂಬ ಹೆಸರಿಟ್ಟುಕೊಂಡಿದ್ದ, ೧೯ ವರ್ಷದ ಕಪ್ಪು ವರ್ಣೀಯ ತರುಣ. ಅವನನ್ನು ಹೊರಗಿಟ್ಟ ಪಟ್ಟಿ 'ಕಂಟ್ರಿ' ಸಂಗೀತದ್ದು. ಕೆಲವೇ ವಾರಗಳಲ್ಲಿ ಅದೇ ಹಾಡು ಅದೇ ಪತ್ರಿಕೆಯ ಮುಖ್ಯ ಪಟ್ಟಿಯಲ್ಲಿ, ಅಂದರೆ ಎಲ್ಲ ಬಗೆಯ ಹಾಡುಗಳೂ ಸ್ಪರ್ಧಿಸುವ 'ಹಾಟ್ ೧೦೦'ರಲ್ಲಿ, ಮೊದಲ ಸ್ಥಾನಕ್ಕೇರಿ ೧೯ ವಾರ ಅಲ್ಲಿಯೇ ಕುಳಿತಿತು. ಅದಕ್ಕೆ ಮೊದಲು ೧೬ ವಾರಗಳಿಗಿಂತ ಹೆಚ್ಚು ಕಾಲ ಯಾವ ಹಾಡೂ ಆ ಸ್ಥಾನದಲ್ಲಿ ನಿಂತಿರಲಿಲ್ಲ.

ಇಡೀ ದೇಶವೇ ಗುನುಗುತ್ತಿದ್ದ ಹಾಡು ಕಂಟ್ರಿ ಹಾಡೋ ಅಲ್ಲವೋ ಎಂಬ ಈ ಜಗಳ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಅದರ ಬೇರು ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಸಂಗೀತವನ್ನು ವಿಂಗಡಿಸಿದ್ದು ಹೇಗೆ, ವಿಂಗಡಿಸಿದವರು ಯಾರು, ಹಾಗೆ ಮಾಡುವಾಗ ಯಾರನ್ನು ಹೊರಗಿಟ್ಟರು ಎಂಬ ಕಥೆಯೆಲ್ಲ ಈ ಪುಟ್ಟ ಹಾಡಿನ ಹಿಂದೆ ಇದೆ. ಪುಟ್ಟ ಹಾಡು ಎಂಬುದು ಬರಿಯ ಮಾತಲ್ಲ. ಅದರ ಮೂಲರೂಪದ ಅವಧಿ ಎರಡು ನಿಮಿಷವೂ ಇಲ್ಲ.

ಮೂವತ್ತು ಡಾಲರಿನ ತಾಳ

ಲಿಲ್ ನಾಸ್ ಎಕ್ಸ್‌ನ ನಿಜನಾಮ ಮೊಂಟೆರೊ ಲಮಾರ್ ಹಿಲ್. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಆಸುಪಾಸಿನಲ್ಲಿ ಬೆಳೆದವನು. ಕಾಲೇಜನ್ನು ಅರ್ಧಕ್ಕೇ ಬಿಟ್ಟು ಅಕ್ಕನ ಮನೆಯಲ್ಲಿ ಉಳಿದುಕೊಂಡು ಹಾಡು ಕಟ್ಟುವ ಪ್ರಯತ್ನದಲ್ಲಿದ್ದ. ನೆದರ್ಲೆಂಡ್ಸಿನ ಯಂಗ್‌ಕಿಯೊ ಎಂಬ, ಆಗಿನ್ನೂ ಹದಿಹರೆಯದ ಸಂಗೀತಗಾರನೊಬ್ಬ ತಯಾರಿಸಿ ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟಿದ್ದ ತಾಳಬದ್ಧ ಹಿನ್ನೆಲೆಯನ್ನು ೩೦ ಡಾಲರ್ ಕೊಟ್ಟು ಕೊಂಡ. ಆ ಹಿನ್ನೆಲೆಯಲ್ಲಿ ಕೇಳುವ ತಂತಿ ಮೀಟಿದ ನಾದ 'ನೈನ್ ಇಂಚ್ ನೇಲ್ಸ್' ಎಂಬ ರಾಕ್ ತಂಡ ೨೦೦೮ರಲ್ಲಿ ಹೊರತಂದ ಧ್ವನಿಸಂಪುಟದ ಒಂದು ತುಣುಕು. ಅದಕ್ಕೆ ಯಂಗ್‌ಕಿಯೊ ಅಟ್ಲಾಂಟಾದ ಹಿಪ್‌ಹಾಪ್ ಸಂಗೀತದ ಭಾರವಾದ ಡ್ರಮ್ ತಾಳ ಬೆರೆಸಿದ್ದ. ಅದರ ಮೇಲೆ ಹಿಲ್ ಕುದುರೆಯೇರಿ ಹೊರಟ ಒಂಟಿ ಸವಾರನೊಬ್ಬನ ಮಾತುಗಳನ್ನು ಹೊಸೆದ.

೨೦೧೮ರ ಡಿಸೆಂಬರಿನಲ್ಲಿ ಹಾಡು ಹೊರಬಂತು. ಹಾಡುಗಾರನ ಬಳಿ ಚಿತ್ರೀಕರಣಕ್ಕೆ ಹಣವಿರಲಿಲ್ಲ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ 'ರೆಡ್ ಡೆಡ್ ರಿಡೆಂಪ್ಷನ್ ೨' ಎಂಬ ಕೌಬಾಯ್ ವಿಡಿಯೊ ಆಟದ ದೃಶ್ಯಗಳನ್ನೇ ಜೋಡಿಸಿ ಯೂಟ್ಯೂಬಿಗೆ ಏರಿಸಲಾಯಿತು. ೨೦೧೯ರ ಆರಂಭದಲ್ಲಿ ಟಿಕ್‌ಟಾಕ್‌ನ ಹುಡುಗ ಹುಡುಗಿಯರಿಗೆ ಅದು ಸಿಕ್ಕಿತು. ಮಾಮೂಲಿ ಬಟ್ಟೆ ತೊಟ್ಟು ನಿಂತವರು, ಹಾಡು ತಿರುವು ಪಡೆಯುವ ಕ್ಷಣಕ್ಕೆ ಸರಿಯಾಗಿ ಟೋಪಿ, ಬೂಟು ಧರಿಸಿದ ಕೌಬಾಯ್‌ಗಳಾಗಿ ಬದಲಾಗುವ ಆಟ ಶುರುವಾಯಿತು. ಕೊಲಂಬಿಯಾ ಕಂಪೆನಿ ತರುಣನೊಂದಿಗೆ ಕರಾರು ಮಾಡಿಕೊಂಡಿತು. ಮಾರ್ಚ್ ೧೬ರ ಬಿಲ್‌ಬೋರ್ಡ್ ಪಟ್ಟಿಗಳಲ್ಲಿ ಹಾಡು ಒಟ್ಟಿಗೇ ಮೂರು ಕಡೆ ಕಾಣಿಸಿಕೊಂಡಿತು. ಮುಖ್ಯ ಪಟ್ಟಿಯಲ್ಲಿ ೮೩ನೆಯ ಸ್ಥಾನ, ಕಂಟ್ರಿ ಪಟ್ಟಿಯಲ್ಲಿ ೧೯ನೆಯದು. ಹಿಪ್‌ಹಾಪ್ ಪಟ್ಟಿಯಲ್ಲೂ ಒಂದು ಜಾಗ.

ಕಂಟ್ರಿ ಪಟ್ಟಿಯಲ್ಲಿನ ಜಾಗ ಮಾತ್ರ ಉಳಿಯಲಿಲ್ಲ. ಹಾಡಿನಲ್ಲಿ ಕೌಬಾಯ್‌ಗಳ ಪ್ರಸ್ತಾಪವಿದ್ದರೂ ಇಂದಿನ ಕಂಟ್ರಿ ಸಂಗೀತದ ಅಂಶಗಳು ಸಾಲದು ಎಂಬುದು ಬಿಲ್‌ಬೋರ್ಡ್ ಕೊಟ್ಟ ವಿವರಣೆಯ ಸಾರ. ಈ ನಿರ್ಧಾರಕ್ಕೂ ಹಾಡುಗಾರನ ವರ್ಣಕ್ಕೂ ಸಂಬಂಧವಿಲ್ಲವೆಂದೂ ಅದು ಹೇಳಿತು.

ಎರಡು ಕಪಾಟುಗಳು

ಕಂಟ್ರಿ ಸಂಗೀತವೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯ ಹಳ್ಳಿಗರ ಸಂಗೀತ ಎಂಬ ಕಲ್ಪನೆ ಗಟ್ಟಿಯಾಗಿ ನೆಲೆಯೂರಿದೆ. ಆದರೆ ಅದರ ಗುರುತೇ ಆಗಿರುವ ಬ್ಯಾಂಜೊ ವಾದ್ಯ ಹುಟ್ಟಿದ್ದು ಬಿಳಿಯರಲ್ಲಿ ಅಲ್ಲ. ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ಪಶ್ಚಿಮ ಆಫ್ರಿಕದ ವಾದ್ಯಗಳ ನೆನಪನ್ನು ಹೊತ್ತುತಂದ ಗುಲಾಮರು ಹೊಸ ನಾಡಿನಲ್ಲಿ ಅದನ್ನು ರೂಪಿಸಿದರು. ಬಿಳಿಯರು ಅದನ್ನು ಕೈಗೆತ್ತಿಕೊಂಡದ್ದು ಬಹಳ ಕಾಲದ ಮೇಲೆ. ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ಬಂದವರ ಪಿಟೀಲು, ಆಫ್ರಿಕದಿಂದ ತಂದವರ ಬ್ಯಾಂಜೊ ಒಂದೇ ಜಗುಲಿಯಲ್ಲಿ ಕೂಡಿದಾಗ ಹುಟ್ಟಿದ್ದು ಈ ಸಂಗೀತ. ಕುದುರೆ ಸವಾರರ ವಿಷಯವೂ ಅಷ್ಟೆ. ಅಂತರ್ಯುದ್ಧದ ನಂತರ ಟೆಕ್ಸಸ್‌ನಿಂದ ದನಗಳ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕೌಬಾಯ್‌ಗಳಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬ ಕಪ್ಪು ವರ್ಣೀಯ ಎಂಬುದು ಇತಿಹಾಸಕಾರರ ಅಂದಾಜು. ಹಾಲಿವುಡ್ಡಿನ ತೆರೆಯ ಮೇಲೆ ಅವರು ಬಹುಮಟ್ಟಿಗೆ ಕಾಣಲೇ ಇಲ್ಲ.

ಗೆರೆ ಎಳೆದದ್ದು ಧ್ವನಿಮುದ್ರಣದ ಕಂಪೆನಿಗಳು. ೧೯೨೦ರಲ್ಲಿ ಓಕೆ ಕಂಪೆನಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಹಾಡನ್ನು ಮುದ್ರಿಸಿತು. ಅದರ ಭರ್ಜರಿ ಮಾರಾಟದಿಂದ ಕಪ್ಪು ಜನ ಕೂಡ ಗ್ರಾಮಫೋನ್ ತಟ್ಟೆ ಕೊಳ್ಳುತ್ತಾರೆಂಬುದು ವ್ಯಾಪಾರಿಗಳಿಗೆ ಹೊಳೆಯಿತು. ೧೯೨೩ರಲ್ಲಿ ಅದೇ ಕಂಪೆನಿಯ ರಾಲ್ಫ್ ಪಿಯರ್ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನನ್ನು ಮುದ್ರಿಸಿದ. ಅದೂ ಮಾರಾಟವಾಯಿತು. ಬಳಿಕ ಕಂಪೆನಿಗಳ ಪಟ್ಟಿಯಲ್ಲಿ ಎರಡು ಕಪಾಟುಗಳಾದವು. ಕಪ್ಪು ಜನಕ್ಕೆ ಮಾರುವವು 'ರೇಸ್ ರೆಕಾರ್ಡ್ಸ್'. ದಕ್ಷಿಣದ ಬಿಳಿಯರಿಗೆ ಮಾರುವವು 'ಹಿಲ್‌ಬಿಲಿ', ಅಂದರೆ ಗುಡ್ಡಗಾಡಿನ ಹೈದರ ಹಾಡುಗಳು. ಪಿಟೀಲು ನುಡಿಸುವ ಕಪ್ಪು ಕಲಾವಿದ ಬಂದರೆ ಅವನನ್ನು ಬ್ಲೂಸ್ ಕಡೆಗೇ ತಿರುಗಿಸುತ್ತಿದ್ದರು. ಹೀಗೆ ಮುದ್ರಣವಾಗದ ಸಂಗೀತ ಎಷ್ಟೋ.

ಕಪಾಟುಗಳು ಬೇರೆಯಾದರೂ ಸಂಗೀತಗಾರರು ಬೇರೆಯಾಗಿರಲಿಲ್ಲ. ಕಂಟ್ರಿ ಸಂಗೀತದ ಮೂಲಪುರುಷರಲ್ಲಿ ಒಬ್ಬನೆನಿಸಿದ ಜಿಮ್ಮಿ ರಾಜರ್ಸ್ ೧೯೩೦ರಲ್ಲಿ ಮುದ್ರಿಸಿದ ಹಾಡೊಂದಕ್ಕೆ ತುತ್ತೂರಿ ಊದಿದವನು ಜಾಝ್ ಲೋಕದ ಲೂಯಿ ಆರ್ಮ್‌ಸ್ಟ್ರಾಂಗ್. ಕಾರ್ಟರ್ ಕುಟುಂಬದ ಹಿರಿಯ ಊರೂರು ತಿರುಗಿ ಹಾಡು ಸಂಗ್ರಹಿಸುವಾಗ ಜೊತೆಗಿದ್ದು ರಾಗಗಳನ್ನು ನೆನಪಿಟ್ಟು ಕಲಿಸಿದವನು ಲೆಸ್ಲಿ ರಿಡ್ಲ್ ಎಂಬ ಕಪ್ಪು ಗಿಟಾರ್ ವಾದಕ. ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಗಿಟಾರ್ ಹೇಳಿಕೊಟ್ಟವನು ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ವರ್ಣೀಯ ರೂಫಸ್ ಪೇನ್.

ವೇದಿಕೆಯ ಮೇಲೂ ಕಪ್ಪು ಕಲಾವಿದರಿದ್ದರು, ಒಬ್ಬೊಬ್ಬರಾಗಿ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರದ 'ಗ್ರ್ಯಾಂಡ್ ಓಲ್ ಆಪ್ರಿ' ಕಾರ್ಯಕ್ರಮ ಕಂಟ್ರಿ ಸಂಗೀತಗಾರರಿಗೆ ದೇವಸ್ಥಾನವಿದ್ದಂತೆ. ೧೯೨೭ರಲ್ಲಿ ಅದಕ್ಕೆ ಆ ಹೆಸರು ಬಂದದ್ದೇ ಮೌತ್ ಆರ್ಗನ್ ವಾದಕ ಡಿಫೋರ್ಡ್ ಬೇಲಿಯ ಕಛೇರಿಯೊಂದರ ಹೊತ್ತಿನಲ್ಲಿ. ರೈಲಿನ ಓಟವನ್ನು ಮೌತ್ ಆರ್ಗನ್ನಿನಲ್ಲಿ ಕೇಳಿಸುತ್ತಿದ್ದ ಬೇಲಿ ಅಲ್ಲಿನ ಮೊದಲ ಕಪ್ಪು ತಾರೆ. ಸಂಚಾರ ಹೋದಲ್ಲಿ ಮಾತ್ರ ಅವನಿಗೆ ಉಳಿಯಲು ವಸತಿಗೃಹ ಸಿಗುವುದೂ ಕಷ್ಟವಿತ್ತು. ೧೯೪೧ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಮುಂದೆ ಅವನ ಹೊಟ್ಟೆ ಹೊರೆದದ್ದು ಬೂಟ್ ಪಾಲಿಶಿನ ಅಂಗಡಿ. ೧೯೮೨ರಲ್ಲಿ ತೀರಿಕೊಂಡ ಬೇಲಿಗೆ ಕಂಟ್ರಿ ಸಂಗೀತದ 'ಹಾಲ್ ಆಫ್ ಫೇಮ್'ನಲ್ಲಿ ಸ್ಥಾನ ಸಿಕ್ಕಿದ್ದು ೨೦೦೫ರಲ್ಲಿ.

೧೯೬೨ರಲ್ಲಿ ರೇ ಚಾರ್ಲ್ಸ್ ಕಂಟ್ರಿ ಹಾಡುಗಳದೇ ಒಂದು ಧ್ವನಿಸಂಪುಟ ತಂದ. ಅದರ ಒಂದು ಹಾಡು ಮುಖ್ಯ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಕಂಟ್ರಿ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ೧೯೬೬ರಲ್ಲಿ ಚಾರ್ಲಿ ಪ್ರೈಡ್‌ನ ಮೊದಲ ತಟ್ಟೆಗಳನ್ನು ರೇಡಿಯೊ ಕೇಂದ್ರಗಳಿಗೆ ಕಳಿಸಿದಾಗ ಕಂಪೆನಿ ಅವನ ಭಾವಚಿತ್ರ ಲಗತ್ತಿಸಲಿಲ್ಲ. ದನಿ ಕೇಳಿ ಒಲಿದವರಿಗೆ ಅವನ ಬಣ್ಣ ತಿಳಿದದ್ದು ಆಮೇಲೆ. ೧೯೭೧ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವನನ್ನು ವರ್ಷದ ಕಲಾವಿದನೆಂದು ಗೌರವಿಸಿತು. ಅಂಥ ಯಶಸ್ಸು ಕಂಡ ಇನ್ನೊಬ್ಬ ಕಪ್ಪು ಗಾಯಕನಿಗಾಗಿ ಮುಂದೆ ದಶಕಗಳೇ ಕಾಯಬೇಕಾಯಿತು.

ಪಟ್ಟಿ ಯಾರ ಲೆಕ್ಕ?

ಬಿಲ್‌ಬೋರ್ಡ್ ಪಟ್ಟಿಗಳ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗಿವೆ. ೧೯೪೯ರಲ್ಲಿ 'ರೇಸ್' ಎಂಬ ಪದ ಹೋಗಿ 'ರಿದಮ್ ಅಂಡ್ ಬ್ಲೂಸ್' ಬಂತು. ಬಿಳಿಯರ ಹಳ್ಳಿಹಾಡು 'ಕಂಟ್ರಿ ಅಂಡ್ ವೆಸ್ಟರ್ನ್' ಆಯಿತು. ಹೆಸರು ಸೌಮ್ಯವಾದರೂ ಕಪಾಟು ಎರಡೇ ಉಳಿದವು. ೨೦೧೨ರಲ್ಲಿ ಕಂಟ್ರಿ ಪಟ್ಟಿಯ ಲೆಕ್ಕದ ವಿಧಾನವೇ ಬದಲಾಯಿತು. ಅದುವರೆಗೆ ಕಂಟ್ರಿ ರೇಡಿಯೊ ಕೇಂದ್ರಗಳ ಪ್ರಸಾರವೇ ಪ್ರಧಾನವಾಗಿತ್ತು. ಆಮೇಲೆ ಎಲ್ಲ ಬಗೆಯ ರೇಡಿಯೊ ಪ್ರಸಾರ, ಮಾರಾಟ, ಅಂತರ್ಜಾಲದ ಶ್ರವಣ ಎಲ್ಲವನ್ನೂ ಕೂಡಿಸತೊಡಗಿದರು. ಇದರಿಂದ ರೇಡಿಯೊದವರು ಮುಟ್ಟದ ಹಾಡೂ ಪಟ್ಟಿ ಸೇರಬಹುದಾಯಿತು. ಆದರೆ ಯಾವ ಹಾಡು ಕಂಟ್ರಿ ಎಂದು ತೀರ್ಮಾನಿಸುವ ಹಕ್ಕು ಪತ್ರಿಕೆಯ ಕೈಯಲ್ಲೇ ಇತ್ತು. 'ಓಲ್ಡ್ ಟೌನ್ ರೋಡ್' ಸಿಕ್ಕಿಬಿದ್ದದ್ದು ಇಲ್ಲಿ.

ಬಿಲ್‌ಬೋರ್ಡ್‌ನ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಹಾಡಿನ ತಾಳ ಹಿಪ್‌ಹಾಪಿನದು. ಹಾಡುಗಾರನಿಗೆ ನ್ಯಾಶ್‌ವಿಲ್‌ನ ನಂಟಿರಲಿಲ್ಲ. ಪೈಪೋಟಿ ಕಡಿಮೆಯಿರುವ ಪಟ್ಟಿಗೆ ಸೇರಿಕೊಳ್ಳಲೆಂದೇ ಅಂತರ್ಜಾಲದಲ್ಲಿ 'ಕಂಟ್ರಿ' ಎಂದು ನಮೂದಿಸಿದ ಜಾಣತನ ಅದು ಎಂದವರೂ ಇದ್ದರು. ಆದರೆ ಅದೇ ಅಳತೆಗೋಲನ್ನು ಎಲ್ಲರಿಗೂ ಹಿಡಿದಿದ್ದರೇ ಎಂಬುದು ಎದುರಾಳಿಗಳ ಪ್ರಶ್ನೆ. ೨೦೧೧ರಲ್ಲಿ ಜೇಸನ್ ಆಲ್ಡೀನ್ ರ‍್ಯಾಪ್ ಶೈಲಿಯ ಸಾಲುಗಳಿದ್ದ ಹಾಡನ್ನು ಹಾಡಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಪಡೆದಿದ್ದ. 'ಫ್ಲಾರಿಡಾ ಜಾರ್ಜಿಯಾ ಲೈನ್' ಜೋಡಿಯ 'ಕ್ರೂಸ್' ಹಾಡು ೨೪ ವಾರ ಅಲ್ಲಿ ಮೊದಲ ಸ್ಥಾನದಲ್ಲಿತ್ತು. ರ‍್ಯಾಪ್ ಗಾಯಕ ನೆಲ್ಲಿ ಸೇರಿ ಮಾಡಿದ ಅದರ ಮರುರೂಪವೂ ೨೦೧೩ರಲ್ಲಿ ಮನೆಮಾತಾಗಿತ್ತು. ಹಿಪ್‌ಹಾಪಿನ ತಾಳವನ್ನು ಬಿಳಿಯ ಗಾಯಕ ಕಂಟ್ರಿಗೆ ತಂದರೆ ಅದು ಹೊಸತನ, ಕಪ್ಪು ಗಾಯಕ ಕಂಟ್ರಿಯನ್ನು ಹಿಪ್‌ಹಾಪಿಗೆ ತಂದರೆ ಅದು ಅತಿಕ್ರಮಣ. ವ್ಯತ್ಯಾಸ ಹಾಡಿನಲ್ಲಿಲ್ಲ, ಹಾಡುವವನಲ್ಲಿದೆ ಎಂಬ ಅನುಮಾನ ಹುಟ್ಟಿದ್ದು ಸಹಜ.

ಜೊತೆಗಾರ ಬಂದ

೨೦೧೯ರ ಏಪ್ರಿಲ್ ೫ರಂದು ಹಾಡಿನ ಇನ್ನೊಂದು ರೂಪ ಹೊರಬಂತು. ಇದರಲ್ಲಿ ಜೊತೆಗೂಡಿ ಹಾಡಿದವನು ಕೆಂಟಕಿ ರಾಜ್ಯದ ಬಿಲ್ಲಿ ರೇ ಸೈರಸ್. ಈ ಆಯ್ಕೆಗೂ ಒಂದು ಹಿನ್ನೆಲೆಯಿದೆ. ೧೯೯೨ರಲ್ಲಿ 'ಏಕಿ ಬ್ರೇಕಿ ಹಾರ್ಟ್' ಎಂಬ ಒಂದೇ ಹಾಡಿನಿಂದ ಸೈರಸ್ ರಾತ್ರೋರಾತ್ರಿ ಪ್ರಸಿದ್ಧನಾಗಿದ್ದ. ಅದರ ವಿಡಿಯೊದಿಂದಾಗಿ ಸಾಲಾಗಿ ನಿಂತು ಕುಣಿಯುವ 'ಲೈನ್ ಡ್ಯಾನ್ಸ್' ಊರೂರಿಗೆ ಹಬ್ಬಿತ್ತು. ಇದು ಕಂಟ್ರಿಯೇ ಅಲ್ಲ, ಬರಿಯ ಕುಣಿತದ ಗದ್ದಲ ಎಂದು ಆಗ ಮೂಗು ಮುರಿದವರು ನ್ಯಾಶ್‌ವಿಲ್‌ನಲ್ಲೇ ಇದ್ದರು. ಆದರೂ ಸೈರಸ್‌ನ ಹಾಡನ್ನು ಯಾರೂ ಪಟ್ಟಿಯಿಂದ ಕಿತ್ತುಹಾಕಿರಲಿಲ್ಲ. ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನವನ್ನೇ ತಲುಪಿತ್ತು.

ಮೇ ತಿಂಗಳಲ್ಲಿ ಬಂದ ಐದು ನಿಮಿಷದ ವಿಡಿಯೊ ಈ ಇಡೀ ವಿವಾದವನ್ನೇ ಕಥೆಯಾಗಿಸಿತು. ನಿರ್ದೇಶಕ ಕ್ಯಾಲ್ಮ್ಯಾಟಿಕ್. ಕಥೆ ಶುರುವಾಗುವುದು ೧೮೮೯ರಲ್ಲಿ. ಲೂಟಿಯ ಚೀಲದೊಂದಿಗೆ ಕುದುರೆಯೇರಿ ಓಡುವ ತರುಣ, ಬೆನ್ನಟ್ಟುವ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಹಾಸ್ಯನಟ ಕ್ರಿಸ್ ರಾಕ್. ತರುಣ ಮತ್ತು ಸೈರಸ್ ಒಂದು ಮನೆಯ ಬಳಿ ಬರುತ್ತಾರೆ. ಹೊರಗಿನವರನ್ನು ಇಲ್ಲಿಯವರು ಹಿಂದೊಮ್ಮೆ ಆದರಿಸಿರಲಿಲ್ಲ ಎಂದು ತರುಣ ಅನುಮಾನಿಸುತ್ತಾನೆ. ಈ ಸಲ ನನ್ನ ಜೊತೆಗಿದ್ದೀಯಲ್ಲ, ಭಯವಿಲ್ಲ ಎಂಬರ್ಥದಲ್ಲಿ ಸೈರಸ್ ಧೈರ್ಯ ಹೇಳುತ್ತಾನೆ. ಮರುಕ್ಷಣವೇ ಮನೆಯವರ ಬಂದೂಕು ಸಿಡಿಯುತ್ತದೆ. ಓಡಿದ ತರುಣ ಸುರಂಗದೊಳಗೆ ಬಿದ್ದು ಮೇಲೆದ್ದಾಗ ಅದು ೨೦೧೯ರ ಒಂದು ನಗರದ ಬೀದಿ. ಕುದುರೆಯೇರಿ ಬಂದ ಕಪ್ಪು ಕೌಬಾಯ್‌ನನ್ನು ಅಲ್ಲಿನ ಕಪ್ಪು ಜನರೂ ಬೆರಗುಗಣ್ಣಿಂದ ನೋಡುತ್ತಾರೆ. ಕೊನೆಗೆ ಕಸೂತಿಯ ಅಂಗಿ ತೊಟ್ಟ ಇಬ್ಬರೂ ವಯಸ್ಸಾದವರು ಸೇರಿ ಬಿಂಗೊ ಆಡುವ ಸಭಾಂಗಣಕ್ಕೆ ಹೋಗಿ ಎಲ್ಲರನ್ನೂ ಕುಣಿಸುತ್ತಾರೆ. ನಗೆಯ ಮರೆಯಲ್ಲಿ ವಿಡಿಯೊ ಹೇಳುವ ಮಾತು ಹರಿತವಾಗಿದೆ. ಬಿಳಿಯ ಗೆಳೆಯ ಜೊತೆಗಿದ್ದರೂ ಗುಂಡು ಹಾರುವುದು ತಪ್ಪಲಿಲ್ಲ.

ಪಟ್ಟಿಯ ವಿಷಯದಲ್ಲೂ ಹಾಗೆಯೇ ಆಯಿತು. ಸೈರಸ್ ಸೇರಿದ ಮೇಲೂ ಬಿಲ್‌ಬೋರ್ಡ್ ಹಾಡನ್ನು ಕಂಟ್ರಿ ಪಟ್ಟಿಗೆ ಮರಳಿಸಲಿಲ್ಲ. ಹಾಡು ಇನ್ನೂ ಮುಖ್ಯ ಪಟ್ಟಿಯ ತುದಿಯಲ್ಲಿದ್ದಾಗಲೇ, ಜೂನ್ ೩೦ರಂದು, ಲಿಲ್ ನಾಸ್ ಎಕ್ಸ್ ತಾನು ಸಲಿಂಗಿಯೆಂದು ಬಹಿರಂಗಪಡಿಸಿದ. ಕಂಟ್ರಿಯಲ್ಲಾಗಲಿ ಹಿಪ್‌ಹಾಪಿನಲ್ಲಾಗಲಿ ಅಂಥ ಮಾತಿಗೆ ಧೈರ್ಯ ಬೇಕಿತ್ತು. ಜನ ಹಾಡು ಕೇಳುವುದನ್ನು ನಿಲ್ಲಿಸಲಿಲ್ಲ. ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅದಕ್ಕೆ ವರ್ಷದ ಜಂಟಿ ಗಾಯನದ ಪ್ರಶಸ್ತಿ ಕೊಟ್ಟಿತು. ೨೦೨೦ರ ಜನವರಿಯಲ್ಲಿ ಹಾಡಿಗೂ ವಿಡಿಯೊಗೂ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಹಾಡಿಗೆ ಸಿಕ್ಕ ಗ್ರ್ಯಾಮಿ ಮಾತ್ರ 'ಪಾಪ್' ವಿಭಾಗದ್ದು.

೨೦೨೪ರಲ್ಲಿ ಬಿಯಾನ್ಸೆಯ 'ಟೆಕ್ಸಸ್ ಹೋಲ್ಡ್ ಎಮ್' ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆ ಸ್ಥಾನ ತಲುಪಿದ ಮೊದಲ ಕಪ್ಪು ಮಹಿಳೆ ಆಕೆ. ೧೯೬೯ರಲ್ಲಿ ಆಪ್ರಿ ವೇದಿಕೆಯೇರಿದ ಮೊದಲ ಕಪ್ಪು ಗಾಯಕಿ ಲಿಂಡಾ ಮಾರ್ಟೆಲ್‌ಳ ದನಿಯನ್ನೂ ತನ್ನ ಧ್ವನಿಸಂಪುಟದಲ್ಲಿ ಸೇರಿಸಿಕೊಂಡಿದ್ದಳು. ಅದೇ ವರ್ಷ ವರ್ಜೀನಿಯಾದ ಕಪ್ಪು ಗಾಯಕ ಶಾಬೂಝಿ ಕಂಟ್ರಿ ಪಟ್ಟಿ, ಮುಖ್ಯ ಪಟ್ಟಿ ಎರಡರಲ್ಲೂ ಮೊದಲಿಗನಾಗಿ, 'ಓಲ್ಡ್ ಟೌನ್ ರೋಡ್'ನ ೧೯ ವಾರಗಳ ದಾಖಲೆಯನ್ನು ಸರಿಗಟ್ಟಿದ. ಅವನ ಹಾಡನ್ನು ಯಾರೂ ಪಟ್ಟಿಯಿಂದ ತೆಗೆಯಲಿಲ್ಲ. ಕಂಟ್ರಿ ರೇಡಿಯೊ ಕೇಂದ್ರಗಳೂ ಅದನ್ನು ಮನಸಾರೆ ಬಿತ್ತರಿಸಿದವು.

೨೦೨೫ರ ಫೆಬ್ರುವರಿಯಲ್ಲಿ ಬಿಯಾನ್ಸೆಗೆ ಅತ್ಯುತ್ತಮ ಕಂಟ್ರಿ ಧ್ವನಿಸಂಪುಟದ ಗ್ರ್ಯಾಮಿ ಸಿಕ್ಕಿತು. ಕೆಲವು ತಿಂಗಳಲ್ಲೇ ಆ ಪ್ರಶಸ್ತಿಯನ್ನು 'ಸಾಂಪ್ರದಾಯಿಕ', 'ಸಮಕಾಲೀನ' ಎಂದು ಎರಡಾಗಿ ಒಡೆಯುವ ಪ್ರಕಟಣೆ ಹೊರಬಿತ್ತು. ನೂರು ವರ್ಷದ ಹಿಂದೆ ಕಪಾಟುಗಳನ್ನು ಜೋಡಿಸಿದ ಕೈಗಳು ಇಂದಿಲ್ಲ. ಯಾವ ಹಾಡನ್ನು ಯಾವ ಕಪಾಟಿನಲ್ಲಿಡಬೇಕು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.