ನೀಲಗಿರಿಯನ್ನು ಕುರಿತ ಮಹಾಪ್ರಬಂಧಗಳು: ಕಪಾಟಿನಿಂದ ಗಣಕದವರೆಗೆ

ನೀಲಗಿರಿಯ ಚರಿತ್ರೆಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಎರಡು ಆಕರಗಳತ್ತ ಹೋಗುತ್ತಾರೆ. ಒಂದು, ಮನೆಯ ಹಿರಿಯರ ನೆನಪು. ಇನ್ನೊಂದು, ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ಕೈಪಿಡಿಗಳು ಮತ್ತು ಗೆಜೆಟಿಯರುಗಳು. ಇವೆರಡರ ಜತೆಗೆ ಮೂರನೆಯದೊಂದು ದೊಡ್ಡ ಆಕರವಿದೆ. ಕಳೆದ ಆರೇಳು ದಶಕಗಳಲ್ಲಿ ದೇಶ ವಿದೇಶಗಳ ವಿದ್ಯಾರ್ಥಿಗಳು ಈ ಬೆಟ್ಟಗಳಿಗೆ ಬಂದು, ಹಟ್ಟಿಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ, ಚಹಾ ತೋಟದ ಸಾಲುಮನೆಗಳ ಬಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಕಂಡದ್ದನ್ನೂ ಕೇಳಿದ್ದನ್ನೂ ಬರೆದು ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸಿದ ಮಹಾಪ್ರಬಂಧಗಳೇ ಆ ಆಕರ. ಇವು ನಮ್ಮನ್ನು ಕುರಿತವು. ಆದರೆ ನಮ್ಮಲ್ಲಿ ಓದಿದವರು ವಿರಳ. ಇವು ಎಲ್ಲಿದ್ದವು, ಈಗ ಎಲ್ಲಿವೆ, ಇವುಗಳನ್ನು ಹುಡುಕಿ ತೆಗೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ನಾವು ಬಯಸುತ್ತೇವೆ.

ಮೊದಲಿಗೆ ಕೆಲವು ಕೃತಿಗಳ ಪರಿಚಯ ಮಾಡಿಕೊಳ್ಳೋಣ. ಬಡಗ ಸಮುದಾಯದ ಬಗ್ಗೆ ಅತಿ ಹೆಚ್ಚು ಬರೆದ ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್ ಅವರು ಬಡಗರ ಸಾಂಸ್ಕೃತಿಕ ಬದಲಾವಣೆಯನ್ನು ಕುರಿತು 1965ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಿಂದ ಡಾಕ್ಟರೇಟ್ ಪಡೆದರು. ಭೂಗೋಳ ವಿದ್ವಾಂಸ ವಿಲಿಯಂ ನೋಬಲ್ ಅವರು ನೀಲಗಿರಿಯ ಐದು ಜನಾಂಗಗಳ ಬದುಕನ್ನು 1800ರಿಂದ 1963ರವರೆಗಿನ ಅವಧಿಯಲ್ಲಿ ಹೋಲಿಸಿ ನೋಡಿದ ಮಹಾಪ್ರಬಂಧವನ್ನು 1968ರಲ್ಲಿ ಅಮೆರಿಕದ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಗೂಡಲೂರು ಸೀಮೆಯ ನಾಯ್ಕನರ ಕುಟುಂಬ ವ್ಯವಸ್ಥೆಯನ್ನು ಕುರಿತು ನುರಿತ್ ಬರ್ಡ್ ಅವರು 1983ರಲ್ಲಿ ಕೇಂಬ್ರಿಜ್‌ಗೆ ಬರೆದರು. ಕ್ರಿಸ್ಟಿಯಾನ್ ಪಿಲೋ-ರಾಯಚೂರ್ ಅವರು ಬಡಗ ಭಾಷೆಯ ವರ್ಣನಾತ್ಮಕ ಅಧ್ಯಯನವನ್ನು 1991ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಮಂಡಿಸಿದರು. ಕೋತರ ಸಂಗೀತವನ್ನು ಕುರಿತು ರಿಚರ್ಡ್ ವುಲ್ಫ್ 1997ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೂ, ಬೆಟ್ಟ ಕುರುಂಬ ಭಾಷೆಯ ವ್ಯಾಕರಣವನ್ನು ಗೇಲ್ ಕೊಯೆಲೊ 2003ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯಕ್ಕೂ ಒಪ್ಪಿಸಿದರು.

ಈ ಪಟ್ಟಿಯನ್ನು ನೋಡಿದಾಗ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಹಾಡಿದವರು, ಕಥೆ ಹೇಳಿದವರು, ವಂಶಾವಳಿಯನ್ನು ಬಿಡಿಸಿ ತಿಳಿಸಿದವರು ಈ ಬೆಟ್ಟದವರು. ಬರಹ ಸೇರಿದ್ದು ಬರ್ಕ್ಲಿ, ಕೇಂಬ್ರಿಜ್, ಪ್ಯಾರಿಸ್ಸಿನ ಕಪಾಟುಗಳನ್ನು. ಬರೆದ ಭಾಷೆ ಇಂಗ್ಲಿಷು ಅಥವಾ ಫ್ರೆಂಚು. ಅಂದು ಮಾಹಿತಿ ನೀಡಿದ ಅಜ್ಜ ಅಜ್ಜಿಯರಲ್ಲಿ ಹಲವರು ಇಂದು ಇಲ್ಲ. ಅವರ ಮಾತು ಮಾತ್ರ ಯಾವುದೋ ಪ್ರಬಂಧದ ಅನುಬಂಧದಲ್ಲಿ ಉಳಿದಿರಬಹುದು. ಅದನ್ನು ಮೊಮ್ಮಕ್ಕಳು ಓದುವಂತಾಗಬೇಕು ಎಂಬುದೇ ಈ ಶೋಧದ ಮುಖ್ಯ ಕಾರಣ.

ಹಿಂದಿನ ದಾರಿ

ಮಹಾಪ್ರಬಂಧವೆಂಬುದು ಮುದ್ರಿತ ಪುಸ್ತಕದಂತೆ ಅಂಗಡಿಗೆ ಬರುವುದಿಲ್ಲ. ಬೆರಳಚ್ಚಿನ ನಾಲ್ಕಾರು ಪ್ರತಿಗಳನ್ನು ಮಾಡಿಸಿ, ಒಂದನ್ನು ಗ್ರಂಥಾಲಯಕ್ಕೆ, ಒಂದನ್ನು ವಿಭಾಗಕ್ಕೆ ಕೊಟ್ಟರೆ ಅದರ ಸಂಚಾರ ಬಹುತೇಕ ಮುಗಿದಂತೆ. 1938ರಲ್ಲಿ ಯೂಜೀನ್ ಪವರ್ ಎಂಬವರು ಅಮೆರಿಕದ ಆನ್ ಆರ್ಬರ್ ನಗರದಲ್ಲಿ ಸ್ಥಾಪಿಸಿದ ಸಂಸ್ಥೆಯು ಪ್ರಬಂಧಗಳನ್ನು ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಸೆರೆಹಿಡಿದು, ಕೇಳಿದವರಿಗೆ ಪ್ರತಿಗಳನ್ನು ಮಾರುವ ಪದ್ಧತಿಯನ್ನು ಬೆಳೆಸಿತು. ಭಾರತದಲ್ಲಿ ಅಂತಹ ಏರ್ಪಾಡು ಬಹುಕಾಲ ಇರಲಿಲ್ಲ. ವಿಶ್ವವಿದ್ಯಾನಿಲಯಗಳ ಒಕ್ಕೂಟವು ಹೊರತಂದ ಡಾಕ್ಟರೇಟ್ ಪ್ರಬಂಧಗಳ ಸೂಚಿಯು 1857ರಿಂದ 1970ರವರೆಗಿನ ಶೀರ್ಷಿಕೆಗಳನ್ನು ಕೊಟ್ಟಿತು. ಶೀರ್ಷಿಕೆ ತಿಳಿದ ಮೇಲೆ ಪ್ರಬಂಧವನ್ನು ನೋಡಲು ಮದರಾಸಿಗೋ ಮೈಸೂರಿಗೋ ಪುಣೆಗೋ ಪ್ರಯಾಣ ಮಾಡಬೇಕಿತ್ತು. ಗ್ರಂಥಪಾಲಕರ ಅನುಮತಿ ಪತ್ರ ಬೇಕಿತ್ತು.

ನೀಲಗಿರಿಯ ಮಟ್ಟಿಗೆ ಒಂದು ಅದೃಷ್ಟವುಂಟು. ಹಾಕಿಂಗ್ಸ್ ಅವರು ಈ ಜಿಲ್ಲೆಗೆ ಸಂಬಂಧಿಸಿದ ಬರಹಗಳ ಸಮಗ್ರ ಗ್ರಂಥಸೂಚಿಯನ್ನು 1978ರಲ್ಲಿ ಪ್ರಕಟಿಸಿದರು. ಜೆಸ್ಯುಯಿಟ್ ಪಾದ್ರಿ ಫೆನಿಚಿಯೊ ಬೆಟ್ಟ ಹತ್ತಿ ಬಂದ 1603ನೆಯ ಇಸವಿಯಿಂದ ಅದು ಆರಂಭವಾಗುತ್ತದೆ. 1996ರಲ್ಲಿ ಅದರ ವಿಸ್ತೃತ ಆವೃತ್ತಿ ಫ್ರಾನ್ಸಿನ ಬೋರ್ಡೋ ನಗರದಿಂದ ಬಂದಿತು. 2012ರಲ್ಲಿ ಅವರೇ ಸಂಪಾದಿಸಿದ ನೀಲಗಿರಿ ವಿಶ್ವಕೋಶವೂ ದೆಹಲಿಯಿಂದ ಹೊರಬಂದಿತು. ಇಷ್ಟು ವಿವರವಾದ ಸೂಚಿಯನ್ನು ಪಡೆದ ಜಿಲ್ಲೆಗಳು ಭಾರತದಲ್ಲಿ ಹೆಚ್ಚಿಲ್ಲ. ಇಂದು ಗಣಕದ ಮುಂದೆ ಕುಳಿತು ಹುಡುಕುವವರೂ ಮೊದಲು ಈ ಸೂಚಿಯನ್ನು ನೋಡುವುದು ಲೇಸು.

ಮೈಸೂರಿನಲ್ಲಿ ಮೊದಲಾದ ಪ್ರಯತ್ನ

ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿಯೇ ಸಲ್ಲಿಸಬೇಕೆಂಬ ನಿಯಮವನ್ನು ಅಮೆರಿಕದ ವರ್ಜೀನಿಯ ಟೆಕ್ ವಿಶ್ವವಿದ್ಯಾನಿಲಯ 1997ರಲ್ಲಿ ಜಾರಿಗೆ ತಂದಿತು. ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ಮೊದಮೊದಲು ಕೈಹಾಕಿದವರಲ್ಲಿ ನಮ್ಮ ನೆರೆಯ ಮೈಸೂರಿನವರು ಇದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದಲ್ಲಿ ‘ವಿದ್ಯಾನಿಧಿ’ ಯೋಜನೆ ಆರಂಭವಾಯಿತು. ಕನ್ನಡ ಮತ್ತು ಹಿಂದಿ ಪ್ರಬಂಧಗಳ ಶೀರ್ಷಿಕೆಗಳನ್ನು ಆಯಾ ಲಿಪಿಯಲ್ಲಿಯೇ ಯೂನಿಕೋಡ್ ಮೂಲಕ ದಾಖಲಿಸಲು ಅದು ಯತ್ನಿಸಿತು. ಕನ್ನಡದ ಹೆಸರನ್ನು ಕನ್ನಡ ಅಕ್ಷರದಲ್ಲಿಯೇ ಹುಡುಕಬೇಕೆಂಬ ಆ ವಿಚಾರ ಎಷ್ಟು ದೂರದೃಷ್ಟಿಯದೆಂಬುದು ಮುಂದೆ ತಿಳಿಯುತ್ತದೆ.

2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಅವುಗಳನ್ನು ಇರಿಸಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಶೋಧಗಂಗಾ’ ಎಂಬ ಭಂಡಾರವನ್ನು ನಡೆಸುತ್ತಿದೆ. ಇಂದು ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ಓದಲು ಹಣ ಕೊಡಬೇಕಾಗಿಲ್ಲ. ನಡೆಯುತ್ತಿರುವ ಸಂಶೋಧನೆಗಳ ಸಾರಲೇಖಗಳಿಗೆ ‘ಶೋಧಗಂಗೋತ್ರಿ’ ಎಂಬ ಪ್ರತ್ಯೇಕ ಭಂಡಾರವಿದೆ. ಕೃಷಿ ಪ್ರಬಂಧಗಳು ‘ಕೃಷಿಕೋಶ’ದಲ್ಲಿ ದೊರೆಯುತ್ತವೆ, ಆಲೂಗಡ್ಡೆ, ಕ್ಯಾರೆಟ್, ಚಹಾ ಬೆಳೆಯುವ ನಮ್ಮ ಜಿಲ್ಲೆಯವರು ಅದನ್ನು ಮರೆಯಬಾರದು.

ಹೊರದೇಶದ ಪ್ರಬಂಧಗಳು ಆಯಾ ವಿಶ್ವವಿದ್ಯಾನಿಲಯಗಳ ಭಂಡಾರಗಳಲ್ಲಿವೆ. ಕೆಲವು ಪೂರ್ಣವಾಗಿ ತೆರೆದಿರುತ್ತವೆ. ಕೆಲವುಗಳ ಸಾರಾಂಶ ಮಾತ್ರ ಕಾಣುತ್ತದೆ. ಫ್ರಾನ್ಸ್ ತನ್ನ ದೇಶದ ಪ್ರಬಂಧಗಳಿಗೆ ರಾಷ್ಟ್ರೀಯ ಸೂಚಿಯೊಂದನ್ನು ಇಟ್ಟಿದೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಲೈಬ್ರರಿ ಇಂತಹ ಸೇವೆಯನ್ನು ನಡೆಸುತ್ತಿತ್ತು; 2023ರ ಅಕ್ಟೋಬರ್‌ನಲ್ಲಿ ನಡೆದ ಸೈಬರ್ ದಾಳಿಯಿಂದ ಅದು ದೀರ್ಘಕಾಲ ನಿಂತುಹೋಯಿತು. ಗಣಕದಲ್ಲಿದೆ ಎಂದ ಮಾತ್ರಕ್ಕೆ ಶಾಶ್ವತವೆಂದು ನಂಬುವಂತಿಲ್ಲ. ಮುಖ್ಯವಾದುದನ್ನು ಕಂಡಾಗಲೇ ಇಳಿಸಿಕೊಂಡು, ಸಾಧ್ಯವಾದರೆ ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಬೇಕು.

ಹುಡುಕುವ ಹೆಸರು

ಹುಡುಕುವವನು ಯಾವ ಪದವನ್ನು ಬರೆಯುತ್ತಾನೋ ಅದನ್ನೇ ಯಂತ್ರ ಹುಡುಕುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದೊಂದು ಹೆಸರಿಗೂ ನಾಲ್ಕಾರು ರೂಪಗಳಿವೆ. ಉದಕಮಂಡಲ ಎಂದು ನಾವು ಕರೆಯುವ ಊರು ಹಳೆಯ ಬರಹಗಳಲ್ಲಿ ಊಟಕಮಂಡ್, ಈಚಿನವುಗಳಲ್ಲಿ ಉದಗಮಂಡಲಂ, ಹಲವೆಡೆ ಊಟಿ. ಬಡಗ ಎಂಬುದು ಬಡಗು ದಿಕ್ಕಿನಿಂದ ಬಂದವರು ಎಂಬ ಅರ್ಥದ ಅಚ್ಚಕನ್ನಡದ ಮಾತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರ ಕಿವಿಯಲ್ಲಿ ಅದು ‘ಬರ್ಗರ್’ ಆಯಿತು. ಗೂಡಲೂರಿನ ನಾಯ್ಕನರು ಕೆಲವು ಪ್ರಬಂಧಗಳಲ್ಲಿ ಕಾಟುನಾಯಕರಾಗಿ, ಕೆಲವುಗಳಲ್ಲಿ ಜೇನು ಕುರುಂಬರಾಗಿ ಕಾಣಿಸುತ್ತಾರೆ. ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಬೇರೆ ರೀತಿ ಬರೆದು ನೋಡಬೇಕು. ತೊದನಾಡು, ಮೇಕುನಾಡು, ಪೊರಂಗಾಡು, ಕುಂದೆನಾಡು ಎಂಬ ಹಳೆಯ ನಾಡುಗಳ ಹೆಸರು, ಹಟ್ಟಿಗಳ ಹೆಸರು, ಹೆತ್ತೆ ಹಬ್ಬದಂತಹ ಹಬ್ಬದ ಹೆಸರುಗಳಿಂದಲೂ ಫಲ ದೊರೆಯುವುದುಂಟು. ಹೊರಗಿನ ಸಂಶೋಧಕನಿಗೆ ಈ ರೂಪಗಳು ಸುಲಭವಾಗಿ ಹೊಳೆಯವು; ಇಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯುತ್ತವೆ.

ಆಡಳಿತದ ಗಡಿಗಳನ್ನೂ ನೆನಪಿಡಬೇಕು. ಗೂಡಲೂರು ಸೇರಿದ ಆಗ್ನೇಯ ವಯನಾಡು ಮಲಬಾರ್ ಜಿಲ್ಲೆಯಿಂದ ಬೇರ್ಪಟ್ಟು ನೀಲಗಿರಿಗೆ ಸೇರಿದ್ದು 1877ರಲ್ಲಿ. ಅದಕ್ಕೂ ಹಿಂದಿನ ಕಾಲವನ್ನು ಕುರಿತ ಪ್ರಬಂಧಗಳು ಮಲಬಾರ್ ಅಥವಾ ವಯನಾಡು ಎಂಬ ಹೆಸರಿನಡಿ ಇರಬಹುದು. 1969ರ ಗೂಡಲೂರು ಜನ್ಮಂ ಎಸ್ಟೇಟು ರದ್ದತಿ ಕಾಯಿದೆಯ ಅಧ್ಯಯನಗಳು ಕಾನೂನು ಅಥವಾ ಅರ್ಥಶಾಸ್ತ್ರ ವಿಭಾಗದಲ್ಲಿ ಸಿಗಬಹುದು. ಚರಿತ್ರೆ ವಿಭಾಗವೊಂದನ್ನೇ ನೋಡಿದರೆ ಸಾಲದು. 1964ರ ಒಪ್ಪಂದದ ಫಲವಾಗಿ ಶ್ರೀಲಂಕೆಯಿಂದ ಮರಳಿ ಬಂದು ಇಲ್ಲಿಯ ಚಹಾ ತೋಟಗಳಲ್ಲಿ ನೆಲೆಸಿದವರ ವಿಷಯವನ್ನು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗಗಳಲ್ಲಿಯೂ ಅರಸಬೇಕು. ಮಸಿನಗುಡಿಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭಂಡಾರ ಮುಖ್ಯ. ಆ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು ಮಸಿನಗುಡಿಯಲ್ಲಿ ಕ್ಷೇತ್ರ ಕೇಂದ್ರವನ್ನಿಟ್ಟುಕೊಂಡು, ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳ ಲೆಕ್ಕವನ್ನು ಇಡುತ್ತ ಬಂದಿದೆ.

ಕನ್ನಡ ಲಿಪಿಯ ತೊಡಕು

ಕನ್ನಡದಲ್ಲಿ ಬರೆದ ಪ್ರಬಂಧಗಳನ್ನು ಹುಡುಕುವುದು ಇಂಗ್ಲಿಷಿನವುಗಳಿಗಿಂತ ಕಷ್ಟ. ಇದಕ್ಕೆ ಮೂರು ಕಾರಣಗಳಿವೆ. ಶೀರ್ಷಿಕೆಯನ್ನು ಹಲವೆಡೆ ಇಂಗ್ಲಿಷ್ ಅಕ್ಷರಗಳಲ್ಲಿ ಮನಬಂದಂತೆ ಬರೆದಿರುತ್ತಾರೆ. ‘ಅಧ್ಯಯನ’ ಎಂಬ ಒಂದೇ ಪದಕ್ಕೆ ನಾಲ್ಕು ಬರಹಗಳಾಗುತ್ತವೆ. ಎರಡನೆಯದಾಗಿ, ಹಿಂದಿನ ನುಡಿ, ಬರಹ, ಶ್ರೀಲಿಪಿ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪ್ರತಿಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಗುರುತುಗಳಾಗಿರುತ್ತವೆ. ಮೂರನೆಯದಾಗಿ, ಹಳೆಯ ಬೆರಳಚ್ಚು ಪ್ರತಿಗಳ ಛಾಯಾಚಿತ್ರ ಮಾತ್ರ ಇದ್ದರೆ ಒಳಗಿನ ಮಾತನ್ನು ಹುಡುಕಲಾಗುವುದಿಲ್ಲ. ಆದ್ದರಿಂದ ಪದದಿಂದ ಹುಡುಕಿ ಸಿಗದಿದ್ದರೆ ‘ಇಲ್ಲ’ ಎಂದು ತೀರ್ಮಾನಿಸಬಾರದು. ವಿಶ್ವವಿದ್ಯಾನಿಲಯವನ್ನು ಆರಿಸಿ, ಅದರ ಕನ್ನಡ ವಿಭಾಗವನ್ನು ತೆರೆದು, ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕು. ಮೈಸೂರು, ಮದರಾಸು, ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ, ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯ, ಭಾಷಾಶಾಸ್ತ್ರಕ್ಕೆ ಅಣ್ಣಾಮಲೈ, ಇವಿಷ್ಟನ್ನು ನಮ್ಮವರು ತಪ್ಪದೆ ನೋಡಬೇಕು. ಒಂದು ಒಳ್ಳೆಯ ಪ್ರಬಂಧ ದೊರೆತರೆ ಅದರ ಮಾರ್ಗದರ್ಶಕರ ಹೆಸರಿನಿಂದ ಇನ್ನೂ ಹಲವು ದೊರೆಯುತ್ತವೆ.

ಓದುವ ಬಗೆ

ಶೋಧಗಂಗೆಯಲ್ಲಿ ಪ್ರಬಂಧವು ಅಧ್ಯಾಯವಾರು ಕಡತಗಳಾಗಿರುತ್ತದೆ. ಪರಿವಿಡಿಯನ್ನೂ ಕೊನೆಯ ಅಧ್ಯಾಯವನ್ನೂ ಮೊದಲು ಓದಿದರೆ ಒಟ್ಟು ವಾದ ತಿಳಿಯುತ್ತದೆ. ಬಳಿಕ ಅನುಬಂಧ ಮತ್ತು ಗ್ರಂಥಸೂಚಿಗಳಿಗೆ ಹೋಗಬೇಕು. ಹಾಡುಗಳ ಪಾಠ, ಗಾದೆಗಳು, ನಕ್ಷೆಗಳು, ಮನೆಗಣತಿಯ ಕೋಷ್ಟಕಗಳು ಅನುಬಂಧಗಳಲ್ಲಿ ಅಡಗಿರುತ್ತವೆ. ಪ್ರತಿ ಪ್ರಬಂಧದ ದಾಖಲೆಗೂ ಒಂದು ಸ್ಥಿರವಾದ ಕೊಂಡಿ ಇರುತ್ತದೆ; ಟಿಪ್ಪಣಿಯಲ್ಲಿ ಅದನ್ನು ಬರೆದಿಟ್ಟುಕೊಂಡರೆ ಮರಳಿ ಬರುವುದು ಸುಲಭ. ಕೃತಿಸ್ವಾಮ್ಯ ಬರೆದವರದೆಂಬುದನ್ನು ಮರೆಯದೆ, ಉಪಯೋಗಿಸಿದಾಗ ಅವರ ಹೆಸರನ್ನು ಹೇಳಬೇಕು.

ಪದವಿ ಬಂದಿತೆಂದ ಮಾತ್ರಕ್ಕೆ ಪ್ರಬಂಧದ ಪ್ರತಿಯೊಂದು ಮಾತೂ ಸಿದ್ಧಾಂತವಾಗುವುದಿಲ್ಲ. ವಿಜಯನಗರದ ಪತನದ ಅನಂತರ ಬಡಗರು ಮೈಸೂರು ಸೀಮೆಯಿಂದ ಬೆಟ್ಟಕ್ಕೆ ಬಂದರೆಂದು ಹಲವು ವಿದ್ವಾಂಸರು ಬರೆದಿದ್ದಾರೆ. ಸಮುದಾಯದಲ್ಲಿ ಅದನ್ನು ಒಪ್ಪದವರೂ ಇದ್ದಾರೆ. ಭಾರತದ ಜನಗಣತಿಯು ಬಡಗ ನುಡಿಯನ್ನು ಕನ್ನಡದ ಅಡಿಯಲ್ಲಿ ಎಣಿಸುತ್ತದೆ. 2011ರಲ್ಲಿ ಹಾಗೆ ಎಣಿಸಿದವರು ಸುಮಾರು 1.33 ಲಕ್ಷ ಮಂದಿ. ಅದು ಸ್ವತಂತ್ರ ದ್ರಾವಿಡ ಭಾಷೆಯೆಂದು ವಾದಿಸುವ ಭಾಷಾಶಾಸ್ತ್ರಜ್ಞರಿದ್ದಾರೆ. ಇಂತಹ ಪ್ರಶ್ನೆಗಳಲ್ಲಿ ಒಂದೇ ಪ್ರಬಂಧವನ್ನು ಓದಿ ತೀರ್ಪು ಕೊಡುವ ಬದಲು, ಎರಡು ಮೂರನ್ನು ಎದುರುಬದುರಾಗಿಟ್ಟು ಯಾರು ಯಾವ ಆಧಾರದಿಂದ ಹೇಳುತ್ತಾರೆಂದು ನೋಡುವುದು ವಿವೇಕ. ಕನ್ನಡವೂ ಬಡಗವೂ ಬಲ್ಲ ನಮ್ಮ ಕುಟುಂಬಗಳು ಈ ಪರೀಕ್ಷೆಯಲ್ಲಿ ವಿದ್ವಾಂಸರಿಗೆ ನೆರವಾಗಬಲ್ಲವು.

ಸಂಘದ ಹೊಣೆ

ಭಂಡಾರಗಳಲ್ಲಿ ಸೇರಿರುವುದು ಬಹುಪಾಲು ಪಿಎಚ್.ಡಿ. ಪ್ರಬಂಧಗಳು. ಎಂ.ಫಿಲ್. ಪದವಿಗಾಗಿ ಬರೆದ ಕಿರುಪ್ರಬಂಧಗಳ ಗತಿ ಬೇರೆ. ಒಂದು ಊರಿನ ಸ್ಥಳನಾಮ, ಒಂದು ಜಾತ್ರೆಯ ಆಚರಣೆ, ಒಂದು ಹಟ್ಟಿಯ ಮದುವೆ ಹಾಡು, ಇಂತಹ ಸಣ್ಣ ವಿಷಯಗಳನ್ನು ಹತ್ತಿರದಿಂದ ನೋಡಿ ಬರೆಯಲು ಎಂ.ಫಿಲ್. ಹೇಳಿಮಾಡಿಸಿದ ಪದವಿಯಾಗಿತ್ತು. 2022ರ ನಿಯಮಗಳಿಂದ ಆ ಪದವಿಯೇ ನಿಂತಿತು. ಇನ್ನು ಮುಂದೆ ಅವು ಬೆಳೆಯುವುದಿಲ್ಲ. ಇರುವವುಗಳನ್ನು ಕಾಪಾಡದಿದ್ದರೆ ಇಲ್ಲಿಯ ಮಳೆಗಾಲದ ಮುಗ್ಗಲು, ಗೆದ್ದಲುಗಳು ತಮ್ಮ ಕೆಲಸ ಮಾಡುತ್ತವೆ.

ಆದುದರಿಂದ ನಾವು ಮೂರು ಕೆಲಸಗಳನ್ನು ಸಂಘದ ಮುಂದಿಡುತ್ತೇವೆ. ನೀಲಗಿರಿಯನ್ನು ಕುರಿತ ಪ್ರಬಂಧಗಳ ಒಂದು ಪಟ್ಟಿಯನ್ನು, ಶೀರ್ಷಿಕೆ ಕನ್ನಡದಲ್ಲಿಯೂ ಇರುವಂತೆ, ಸದಸ್ಯರೇ ಹಂಚಿಕೊಂಡು ಸಿದ್ಧಪಡಿಸಬೇಕು; ಕಾಲೇಜು ಓದುವ ಮಕ್ಕಳಿಗೆ ಇದು ರಜೆಯ ದಿನಗಳ ಕೆಲಸ. ಮನೆಯಲ್ಲಿ ಎಂ.ಫಿಲ್. ಅಥವಾ ಎಂ.ಎ. ಪ್ರಬಂಧದ ಪ್ರತಿ ಉಳ್ಳವರು ಅದರ ಗಣಕಪ್ರತಿಯೊಂದನ್ನು ಸಂಘಕ್ಕೆ ಒಪ್ಪಿಸಬೇಕು. ತಿಂಗಳಿಗೊಮ್ಮೆಯಾದರೂ ಒಂದು ಪ್ರಬಂಧದ ಸಾರವನ್ನು ಕನ್ನಡದಲ್ಲಿ ಹೇಳುವ ಓದುಕೂಟ ನಡೆಯಬೇಕು. ಅಲ್ಲಿಗೆ ಹಟ್ಟಿಯ ಹಿರಿಯರನ್ನು ಕರೆಯಬೇಕು. ಬರೆದದ್ದು ಸರಿಯೇ, ತಪ್ಪೇ ಎಂದು ಅವರೇ ಹೇಳಲಿ. ಆ ಮಾತನ್ನು ದಿನಾಂಕ ಹಾಕಿ ಬರೆದಿಡೋಣ. ಮುಂದೆ ಈ ಬೆಟ್ಟದ ಚರಿತ್ರೆಯನ್ನು ಬರೆಯುವವರಿಗೆ ಅದೂ ಒಂದು ಆಕರವಾಗುತ್ತದೆ.