ಮುಂಬಯಿಯ ಪ್ಲೇಗೂ ವೆನಿಸ್ಸಿನ ಪಟ್ಟಿಯೂ

ಮುಂಬಯಿಯ ಮಾಂಡ್ವಿ ಎಂಬ ಪೇಟೆ ಬಂದರಿನ ಮಗ್ಗುಲಲ್ಲಿದೆ. ಧಾನ್ಯದ ಮಂಡಿಗಳೂ ಉಗ್ರಾಣಗಳೂ ಅಲ್ಲಿ ಒತ್ತಾಗಿದ್ದುವು. 1896ನೆಯ ಸೆಪ್ಟೆಂಬರಿನಲ್ಲಿ ಡಾಕ್ಟರ್ ವಿಯೆಗಾಸ್ ಎಂಬುವರು ಪ್ಲೇಗನ್ನು ಮೊದಲು ಗುರುತಿಸಿದುದು ಇಲ್ಲಿಯೇ. ಎರಡು ವರ್ಷ ಹಿಂದೆ, 1894ರಲ್ಲಿ, ಇದೇ ರೋಗ ಹಾಂಗ್‌ಕಾಂಗನ್ನು ಹಿಡಿದಿದ್ದಿತು. ಆ ಬಂದರಿಗೂ ಮುಂಬಯಿಗೂ ಹಡಗುಗಳ ಓಡಾಟ ಬಿಡುವಿಲ್ಲದೆ ನಡೆದಿದ್ದಿತು. ಮಾರಿ ಆ ದಾರಿಯಿಂದಲೇ ಬಂದಿತೆಂದು ಬಹುಮಂದಿ ಇತಿಹಾಸಕಾರರು ಭಾವಿಸುತ್ತಾರೆ.

ಎಂಟು ಲಕ್ಷಕ್ಕೆ ಮೀರಿದ ಜನರಿದ್ದ ನಗರವನ್ನು 1897ರ ಆರಂಭದ ವೇಳೆಗೆ ಸುಮಾರು ಅರ್ಧದಷ್ಟು ಮಂದಿ ಬಿಟ್ಟುಹೋದರು. ಆದರೆ ಸರ್ಕಾರವನ್ನು ಸಾವಿನ ಲೆಕ್ಕಕ್ಕಿಂತ ಹೆಚ್ಚಾಗಿ ಕಳವಳಗೊಳಿಸಿದುದು ಯೂರೋಪಿನ ಬಂದರುಗಳು ಎಲ್ಲಿ ಬಾಗಿಲು ಮುಚ್ಚಿಬಿಡುವುವೋ ಎಂಬ ಭಯವೆಂದು ನನಗೆ ತೋರುತ್ತದೆ. ಆ ಫೆಬ್ರವರಿಯಲ್ಲಿಯೇ ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ಮುಂಬಯಿಯಿಂದ ಮಕ್ಕಾ ಯಾತ್ರೆಯ ಹಡಗುಗಳು ನಿಂತುವು. ಮನೆಗಳ ಶೋಧನೆ, ರೋಗಿಗಳನ್ನು ಬಲಾತ್ಕಾರದಿಂದ ಒಯ್ಯುವುದು, ರೈಲಿನಲ್ಲಿ ತಪಾಸಣೆ: ಪರದೇಶದ ಪೇಟೆಗಳಲ್ಲಿ ನಂಬಿಕೆಯನ್ನು ಉಳಿಸಿಕೊಳ್ಳಲು ತೆತ್ತ ಬೆಲೆಯಲ್ಲಿ ಇವೂ ಸೇರಿದ್ದುವು. ಆ ಬೆಲೆಯನ್ನು ತೆತ್ತವರು ವರ್ತಕರಲ್ಲ, ಬಡವರು. ಪುಣೆಯಲ್ಲಿ ಜನರ ಕ್ರೋಧ ಉಕ್ಕಿ, ಜೂನ್ ತಿಂಗಳಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಗುಂಡಿಗೆ ಗುರಿಯಾದನು.

ಅತ್ತ ವೆನಿಸ್ಸಿನಲ್ಲಿ ರಾಜ್ಯಗಳ ಪ್ರತಿನಿಧಿಗಳು ಸೇರಿ 1897ರ ಮಾರ್ಚಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ರೋಗಪೀಡಿತ ದೇಶದಿಂದ ಬರುವ ಯಾವ ಸರಕನ್ನು ನಿರಾಕರಿಸಬಹುದೆಂಬುದಕ್ಕೆ ಅದರಲ್ಲಿ ಒಂದು ಪಟ್ಟಿ ಇದ್ದಿತು: ಉಟ್ಟ ಬಟ್ಟೆ, ಹಾಸಿಗೆ, ಚಿಂದಿ, ಹಳೆಯ ಗೋಣಿಚೀಲ, ಹದಮಾಡದ ಚರ್ಮ, ಹಸಿ ಉಣ್ಣೆ. ಭಾರತದ ರಫ್ತಿನಲ್ಲಿ ಚರ್ಮಕ್ಕಿದ್ದ ಸ್ಥಾನವನ್ನು ಬಲ್ಲವರಿಗೆ ಇದರ ಪೆಟ್ಟು ತಿಳಿಯುವುದು. ಧಾನ್ಯವು ಆ ಪಟ್ಟಿಯಲ್ಲಿ ಇರಲಿಲ್ಲ, ಇಲಿಯೂ ಇರಲಿಲ್ಲ.

ಒಂದು ಎಚ್ಚರಿಕೆಯ ಮಾತು. ಆ ವರ್ಷ ಗೋದಿಯ ರಫ್ತು ಕುಗ್ಗಿದುದನ್ನೆಲ್ಲ ಪ್ಲೇಗಿನ ಖಾತೆಗೆ ಬರೆಯಬಾರದು. 1896-97ರ ಕ್ಷಾಮದಲ್ಲಿ ಕಳುಹಿಸಲು ಗೋದಿಯೇ ಅಷ್ಟಾಗಿ ಇರಲಿಲ್ಲ.

1898ರಲ್ಲಿ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಅದೇ ವರ್ಷ ಕರಾಚಿಯಲ್ಲಿ ಸೀಮಾನ್ ಎಂಬ ಫ್ರೆಂಚ್ ವೈದ್ಯನು, ರೋಗವನ್ನು ಸಾಗಿಸುವುದು ಇಲಿಯ ಮೈಮೇಲಿನ ಚಿಗಟವೆಂದು ಪ್ರಯೋಗದಿಂದ ಕಂಡುಕೊಂಡನು. ಬಹುಕಾಲ ಅವನ ಮಾತನ್ನು ನಂಬಿದವರು ಕಡಮೆ. ಆದರೂ 1903ರ ಪ್ಯಾರಿಸ್ ಒಪ್ಪಂದದ ವೇಳೆಗೆ ರಾಜ್ಯಗಳ ದೃಷ್ಟಿ ಹಡಗಿನ ಇಲಿಗಳ ಕಡೆಗೆ ಹೊರಳಿದ್ದಿತು. ಬಂದರುಗಳಲ್ಲಿ ಹಡಗಿನ ಒಡಲಿಗೆ ಗಂಧಕದ ಹೊಗೆ ಹಾಕುವ ಯಂತ್ರಗಳು ಬಂದುವು.